ಎಂಟು ಕಟ್ಟು ಎಡಗೈ ಬೀಡಿ

ನಮ್ಮ ಬೀಡಿ ಸ್ಟ್ರೈಕಿನ ನಾಲ್ಕನೆಯ ದಿನ ನಾನು ಯಾರಿಗೂ ಹೇಳದೆ ಬೀಡಿ ಕಂಪೆನಿಯ ಬ್ರಾಂಚಿಗೆ ಎಂಟು ಕಟ್ಟು ಬೀಡಿ ಕೊಟ್ಟು ಬಂದೆ. ಎರಡು ದಿನ ಕಳೆದು, ಕೊಟ್ಟವರು ಯಾರು ಎಂದು ಸಭೆಯಲ್ಲಿ ಕೇಳಿದಾಗ ಎದ್ದು ನಿಂತು ‘ನಾನು’ ಎಂದು ಹೇಳಲಿಲ್ಲ. ಮೊದಲನೆಯದನ್ನು ಬುದ್ಧಿ ಇಲ್ಲದೆ ಮಾಡಿದೆ. ಎರಡನೆಯದನ್ನು ಬುದ್ಧಿ ಇದ್ದೇ ಮಾಡಿದೆ. ನನ್ನ ಬದಲು ಎದ್ದು ನಿಂತವಳು ನನ್ನ ಅಕ್ಕ. ಅಷ್ಟರವರೆಗೆ ಅವಳು ಸಂಘದ ಕಾರ್ಯದರ್ಶಿ, ಆ ಸಂಜೆಯಿಂದ ಬರೀ ಸದಸ್ಯೆ. ಇಷ್ಟನ್ನು ಮೊದಲೇ ಬರೆದು ಮುಗಿಸಿದರೆ ಮುಂದಿನದನ್ನು ಹೇಳಲು ಸ್ವಲ್ಪ ಧೈರ್ಯ ಬರುತ್ತದೆ, ನಗು ಬಂದ ಕಡೆ ನಗಲಿಕ್ಕೂ ಆಗುತ್ತದೆ.

ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಅದರಲ್ಲೂ ಒಂದನೆಯದರಲ್ಲಿ ಎರಡು ವರ್ಷ ಕೂತಿದ್ದೇನೆ, ಯಾಕೆಂದರೆ ನಾನು ಎಡಗೈಯವಳು. ಟೀಚರ್ ಸ್ಲೇಟು ಕಡ್ಡಿಯನ್ನು ನನ್ನ ಬಲಗೈಗೆ ಕೊಡುವುದು, ಅವರು ಆಚೆ ತಿರುಗಿದ ಕೂಡಲೇ ನಾನು ಅದನ್ನು ಎಡಗೈಗೆ ದಾಟಿಸುವುದು, ಹೀಗೆಯೇ ಆ ಎರಡು ವರ್ಷ ಕಳೆಯಿತು. ಶಾಲೆ ಬಿಟ್ಟು ಬೀಡಿಗೆ ಕೂತಾಗ ಕಲಿಸಿದವಳು ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಏಳನೆಯ ತರಗತಿ ಪಾಸು, ನಮ್ಮ ಮನೆಯ ಮಟ್ಟಿಗೆ ಪಂಡಿತೆ. ಅವಳು ಮೊರವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಎದುರಿಗೆ ಕೂತು, “ನಾನು ಮಾಡಿದ ಹಾಗೆ ಮಾಡು” ಎಂದಳು. ಎದುರಿಗೆ ಕೂತವರ ಬಲಗೈ ನಮ್ಮ ಎಡಗೈಯ ಬದಿಗೆ ಇರುತ್ತದಲ್ಲ. ನಾನು ಕನ್ನಡಿ ನೋಡಿದ ಹಾಗೆ ಮಾಡಿದೆ. ಕತ್ತರಿಸಿದ ಎಲೆಗೆ ಹೊಗೆಸೊಪ್ಪಿನ ಪುಡಿ ಹಾಕಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಕಟ್ಟಿ ಕೊಟ್ಟೆ. ಅಕ್ಕ ತಿರುಗಿಸಿ ತಿರುಗಿಸಿ ನೋಡಿದಳು. ಊರಿನವರ ಬೀಡಿಯಲ್ಲೆಲ್ಲ ಎಲೆಯ ಅಂಚು ಬಲಕ್ಕೆ ಸುತ್ತಿದ್ದರೆ ನನ್ನದರಲ್ಲಿ ಎಡಕ್ಕೆ.

“ಅಮ್ಮಾ, ಇವಳ ಬೀಡಿ ಉಲ್ಟಾ!” ಎಂದು ಕೂಗಿದಳು.

ಅಮ್ಮ ಒಳಗಿನಿಂದಲೇ, “ಎಳೆಯುವವನ ಬಾಯಿ ನೆಟ್ಟಗೆ ಉಂಟಲ್ಲಾ, ಸಾಕು” ಎಂದರು.

ಬ್ರಾಂಚಿನಲ್ಲಿ ಬೀಡಿ ಪರೀಕ್ಷೆ ಮಾಡುವವರು ಮೊದಲ ವಾರ ಅನುಮಾನದಿಂದ ನೋಡಿದರು. ಆಮೇಲೆ ನನ್ನ ಬೀಡಿಯನ್ನು ತೆಗೆದು ಬದಿಗೆ ಹಾಕಿದ್ದೇ ಇಲ್ಲ. ಎಲ್ಲ ಒಂದೇ ಉದ್ದ, ಒಂದೇ ದಪ್ಪ, ಬಾಯಿ ಮೊಗ್ಗಿನ ಹಾಗೆ. ಶಾಲೆಯಲ್ಲಿ ಸಿಗದ ಮಾರ್ಕೆಲ್ಲ ನನಗೆ ಬ್ರಾಂಚಿನಲ್ಲಿ ಸಿಕ್ಕಿತು. ಇಪ್ಪತ್ತು ವರ್ಷ ಹಾಗೆ ಹೊಗಳಿಸಿಕೊಂಡರೆ ಯಾರ ತಲೆಯಾದರೂ ಸ್ವಲ್ಪ ತಿರುಗುತ್ತದೆ. ನನ್ನದು ಪೂರ್ತಿ ತಿರುಗಿತ್ತು ಎಂದು ಈಗ ಗೊತ್ತಾಗುತ್ತದೆ.

ನಮ್ಮೂರು ಕೆದಂಬಾಡಿಯಲ್ಲಿ ಅಕ್ಕನ ಗಂಡನ ಮನೆಗೂ ನನ್ನ ಮನೆಗೂ ನಡುವೆ ನೀರು ಹರಿಯುವ ಒಂದು ತೋಡು, ಅದನ್ನು ದಾಟಲು ಒಂದು ಕಾಲುಸಂಕ. ಬೆಳಿಗ್ಗೆ ಗಂಡಸರು ಕೆಲಸಕ್ಕೆ ಹೋದ ಮೇಲೆ ಅವಳು ಮೊರ ಹಿಡಿದುಕೊಂಡು ನನ್ನ ಜಗಲಿಗೆ ಬರುವುದು. ಪಕ್ಕದ ಬ್ಯಾರಿ ಮನೆಯ ಮಾಮಿಯೂ ಬರುವುದು. ನಾವು ಅವರನ್ನು ಮಾಮಿ ಎಂದೇ ಕರೆದು ಅಭ್ಯಾಸ. ಅವರ ಮಗ ದುಬೈಯಲ್ಲಿ ಇದ್ದರೂ, “ಅವನ ದುಡ್ಡು ಅವನ ಮನೆಗೆ, ನನ್ನ ಎಲೆ ಅಡಿಕೆಗೆ ನನ್ನ ಬೀಡಿ” ಎಂದು ಬಿಡದೆ ಕಟ್ಟುತ್ತಿದ್ದರು. ಅಕ್ಕ ಪೇಪರು ಓದಿ ಹೇಳುವುದು, ಮಾಮಿ ಓದಿದ್ದಕ್ಕೆಲ್ಲ ಬೈಯುವುದು, ನಾನು ನಗುವುದು. ಕೈ ಮಾತ್ರ ಮೂವರದ್ದೂ ನಿಲ್ಲುತ್ತಿರಲಿಲ್ಲ.

ಸಂಘ ಅಂದರೆ ಹೊರಗಿನವರಿಗೆ ಫ್ಯಾಕ್ಟರಿಯ ಗೇಟು ನೆನಪಾಗುತ್ತದೆ. ನಮಗೆ ಗೇಟೇ ಇಲ್ಲ. ಒಬ್ಬೊಬ್ಬಳು ಅವಳವಳ ಜಗಲಿಯಲ್ಲಿ. ಆದ್ದರಿಂದ ಬೀಡಿಯವರನ್ನು ಒಟ್ಟು ಮಾಡಬೇಕಾದರೆ ಜಗಲಿ ಜಗಲಿ ಹತ್ತಿ ಇಳಿಯಬೇಕು, ಪ್ರತಿ ಜಗಲಿಯಲ್ಲೂ ಚಾ ಕುಡಿಯಬೇಕು. ಕುಡಿಯದಿದ್ದರೆ, “ಸಂಘದವಳಾದ ಮೇಲೆ ನಮ್ಮ ಮನೆ ಚಾ ಸೇರುದಿಲ್ಲ” ಎನ್ನುತ್ತಾರೆ. ಅಕ್ಕನಿಗೆ ಸಂಘದಿಂದ ಸಿಕ್ಕಿದ ಮೊದಲ ಲಾಭ ಗ್ಯಾಸ್ಟ್ರಿಕ್. ಒಂದು ದಿನದಲ್ಲಿ ಹದಿನಾಲ್ಕು ಚಾ ಕುಡಿದು, ಮೂರು ಜನರನ್ನು ಸೇರಿಸಿ ಬಂದು ನನ್ನ ಜಗಲಿಯಲ್ಲಿ ಅಡ್ಡ ಬಿದ್ದಳು.

ಸ್ಟ್ರೈಕಿಗೆ ಕಾರಣ ಎಲೆ. ಸಾವಿರ ಬೀಡಿಗೆ ಎಂದು ಬ್ರಾಂಚಿನಿಂದ ತೂಗಿ ಕೊಡುವ ಎಲೆಯಲ್ಲಿ ಕೆಲವು ತೂತು, ಕೆಲವು ಒಣಗಿ ಪುಡಿ. ಎಂಟುನೂರು ಕಟ್ಟುವಷ್ಟರಲ್ಲಿ ಎಲೆ ಮುಗಿಯುತ್ತಿತ್ತು. ಬಾಕಿ ಬೀಡಿಗೆ ನಾವೇ ಎಲೆ ಹುಡುಕಿ ತರಬೇಕು. ಒಳ್ಳೆಯ ಎಲೆ ಕೊಡುವವರೆಗೆ ಒಬ್ಬರೂ ಬೀಡಿ ಕೊಡುವುದಿಲ್ಲ ಎಂದು ತೀರ್ಮಾನ ಆಯಿತು. ಬ್ರಾಂಚಿನ ಯಜಮಾನರನ್ನು ನಾವೆಲ್ಲ ಅಣ್ಣ ಎಂದೇ ಕರೆಯುವುದು. ಮೊದಲ ದಿನ ಅವರ ಎದುರು ನಿಂತು ಘೋಷಣೆ ಕೂಗುವಾಗಲೂ ಬಾಯಿಗೆ ಅದೇ ಬಂತು. “ಒಳ್ಳೇ ಎಲೆ ಕೊಡಿ ಅಣ್ಣಾ! ಕೊಡದಿದ್ದರೆ ಬಿಡುದಿಲ್ಲ ಅಣ್ಣಾ!” ಪುತ್ತೂರಿನಿಂದ ಬಂದಿದ್ದ ಸಂಘದ ಹಿರಿಯರು ಅಕ್ಕನನ್ನು ಬದಿಗೆ ಕರೆದು, “ಅಣ್ಣ ಎನ್ನುವುದನ್ನು ಸ್ವಲ್ಪ ಬಿಡಬಹುದಾ?” ಎಂದು ಕೇಳಿದರಂತೆ. “ಮರ್ಯಾದೆ ಬಿಡಲಿಕ್ಕೆ ಆಗುದಿಲ್ಲ ಸರ್, ಬೀಡಿ ಬೇಕಾದರೆ ಬಿಡ್ತೇವೆ” ಎಂದಳಂತೆ ಅಕ್ಕ.

ಆ ದಿನ ಅವಳು ಇನ್ನೊಂದು ಮಾತನ್ನೂ ಹೇಳಿದಳು. “ನಮ್ಮ ಮನೆಯಿಂದ ಒಂದೇ ಒಂದು ಬೀಡಿ ಹೋದರೆ ನಾನು ಈ ಕಾರ್ಯದರ್ಶಿ ಕೆಲಸದಲ್ಲಿ ಇರುದಿಲ್ಲ.” ನಮ್ಮ ಮನೆ ಅಂದರೆ ಎರಡೂ ಮನೆ. ನಾನೂ ಚಪ್ಪಾಳೆ ಹೊಡೆದೆ.

ಬೀಡಿ ಕೆಲಸದ ಒಂದು ಕಷ್ಟ ಏನೆಂದರೆ, ಎಲೆಯನ್ನು ನೀರಿಗೆ ಹಾಕಿ ಕತ್ತರಿಸಿದ ಮೇಲೆ ಇಡಲಿಕ್ಕೆ ಬರುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಸ್ಟ್ರೈಕಿನ ಹಿಂದಿನ ದಿನ ನೆನೆಸಿದ ಎಲೆ ನನ್ನಲ್ಲಿತ್ತು. “ಕಟ್ಟಿ ಡಬ್ಬಿಯಲ್ಲಿಡು, ಕೊಡುವುದು ಮಾತ್ರ ಬೇಡ” ಎಂದಳು ಅಕ್ಕ. ಎರಡು ದಿನ ಕೂತು ಕಟ್ಟಿದೆ. ಹೊತ್ತು ಬೇಕಾದಷ್ಟು ಇತ್ತು, ಅವಸರ ಇಲ್ಲ. ನನ್ನ ಜನ್ಮದಲ್ಲಿ ಅಷ್ಟು ಚಂದದ ಬೀಡಿ ಕಟ್ಟಿಲ್ಲ. ಮುಚ್ಚಳ ತೆಗೆದು ನೋಡುವುದು, ಮುಚ್ಚುವುದು, ಪುನಃ ತೆಗೆಯುವುದು. ತೋರಿಸಲು ಯಾರೂ ಇಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ಜಗಲಿ ಹತ್ತುವ ಕೆಲಸಕ್ಕೆ ಹೋಗಿದ್ದಾಗ ಬ್ರಾಂಚಿನ ಅಣ್ಣ ನಮ್ಮ ಮನೆಯ ಎದುರು ಬೈಕು ನಿಲ್ಲಿಸಿದರು.

“ನಾನು ಸ್ಟ್ರೈಕಿನ ವಿಷಯ ಮಾತಾಡ್ಲಿಕ್ಕೆ ಬಂದದ್ದಲ್ಲ ಮಾರಾಯ್ತಿ” ಎಂದು ಶುರು ಮಾಡಿದರು. “ನಾಳೆ ಮಂಗಳೂರಿನಿಂದ ಕಂಪೆನಿಯ ದೊಡ್ಡವರು ಬರ್ತಾರೆ. ನಮ್ಮ ಬ್ರಾಂಚಿನ ಬೀಡಿ ಹೇಗುಂಟು ತೋರಿಸಿ ಅಂದ್ರೆ ಎಂತ ತೋರಿಸುದು? ಒಂದೆಂಟು ಕಟ್ಟು ನಿನ್ನದು ಕೊಡು.”

“ಆಗುದಿಲ್ಲ ಅಣ್ಣ. ಅಕ್ಕ ಕೊಲ್ಲುತ್ತಾಳೆ.”

“ಕೊಡುದಲ್ಲ, ತೋರಿಸುದು. ತೋರಿಸಿ ವಾಪಸು. ಬೇರೆಯವರದ್ದು ಎಲ್ಲಾದರೂ ಸಿಗ್ತದೆ, ಆದರೆ ದೊಡ್ಡವರ ಎದುರು ಇಡುವ ಬೀಡಿ ಈ ಊರಲ್ಲಿ ಎರಡು ಕೈಯಲ್ಲಿ ಆಗುದಿಲ್ಲ. ಒಂದೇ ಕೈ.” ನನ್ನ ಎಡಗೈಯನ್ನು ನೋಡಿದರು.

ನಾನೂ ನೋಡಿಕೊಂಡೆ.

ಹೆದರಿಸಿದ್ದರೆ ನಾನು ಕೊಡುತ್ತಿರಲಿಲ್ಲ. ಬೀಡಿ ಕಾರ್ಡು ತೆಗೆದು ಕೆಲಸ ತಪ್ಪಿಸುತ್ತೇನೆ ಎಂದಿದ್ದರೆ ಬೈದು ಕಳಿಸುತ್ತಿದ್ದೆ. ಹೊಗಳಿಕೆಗೆ ಏನು ಉತ್ತರ ಕೊಡಬೇಕು ಎಂದು ಸಂಘದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೊಡುವುದು ಬೇರೆ, ತೋರಿಸುವುದು ಬೇರೆ ಎಂದು ಅವರು ಹೋದ ಮೇಲೆ ಹತ್ತು ಸಲ ನನಗೆ ನಾನೇ ಹೇಳಿಕೊಂಡೆ. ಹನ್ನೊಂದನೆಯ ಸಲ ಚೀಲ ತೆಗೆದೆ.

ಎಂಟು ಕಟ್ಟನ್ನು ಪೇಪರಿನಲ್ಲಿ ಸುತ್ತಿ ಚೀಲದ ಅಡಿಗೆ ಇಟ್ಟು, ಮೇಲೆ ಎರಡು ಸೇರು ಬೆಳ್ತಿಗೆ ಅಕ್ಕಿ ಸುರಿದು, ಬ್ರಾಂಚು ಇರುವ ಕುಂಬ್ರ ಪೇಟೆಯ ಮಿಲ್ಲಿಗೆ ಹಿಟ್ಟು ಮಾಡಿಸಲು ಹೋಗುವವಳ ಹಾಗೆ ಹೊರಟೆ. ಬ್ರಾಂಚಿನ ಹಿಂದಿನ ಬಾಗಿಲಲ್ಲಿ ಕಟ್ಟುಗಳನ್ನು ತೆಗೆದು ಕೊಟ್ಟು, ಆಮೇಲೆ ನಿಜವಾಗಿಯೂ ಮಿಲ್ಲಿಗೆ ಹೋದೆ. ದಾರಿಯಲ್ಲಿ ಪೇಪರಿನಿಂದ ಹೊಗೆಸೊಪ್ಪಿನ ಪುಡಿ ಅಕ್ಕಿಗೆ ಉದುರಿತ್ತು ಎಂದು ಗೊತ್ತಾದದ್ದು ಸಂಜೆ, ಅಕ್ಕಿ ರೊಟ್ಟಿ ಮಾಡಿ ಅಕ್ಕನಿಗೆ ಕೊಟ್ಟಾಗ. ಅವಳು ಒಂದು ತುಂಡು ಬಾಯಿಗೆ ಹಾಕಿ ನಾಲ್ಕು ಸಲ ಸೀನಿದಳು.

“ಇದೆಂತ, ರೊಟ್ಟಿಗೆ ಹೊಗೆಸೊಪ್ಪು ಹಾಕಿದ್ದಾ?”

“ಮನೆ ತುಂಬ ಅದೇ ವಾಸನೆ ಅಲ್ವಾ ಅಕ್ಕ.”

“ಮನೆಗೆ ವಾಸನೆ ಇರುದು ಸರಿ. ರೊಟ್ಟಿಗೆ ಖಾರ ಉಂಟಲ್ಲಾ!”

ನಾನು ನೀರು ತರಲು ಒಳಗೆ ಓಡಿದೆ.

ಮಾರನೆಯ ದಿನ ಯಾವ ದೊಡ್ಡವರೂ ಬರಲಿಲ್ಲ. ಬ್ರಾಂಚಿನ ಅಣ್ಣ ನನ್ನ ಎಂಟು ಕಟ್ಟನ್ನು ಒಂದು ಸ್ಟೀಲು ತಟ್ಟೆಯಲ್ಲಿ ಜೋಡಿಸಿ, ರಸ್ತೆಗೆ ಕಾಣುವ ಹಾಗೆ ಕಿಟಕಿಯಲ್ಲಿ ಇಟ್ಟರು. ಬಸ್ಸಿಗೆ ಹೋಗುವ ಹೆಂಗಸರನ್ನೆಲ್ಲ ಕರೆದು, “ಬೀಡಿ ಬರ್ಲಿಕ್ಕೆ ಶುರುವಾಯ್ತು. ನೀವು ಮಾತ್ರ ಬಾಕಿ” ಎಂದು ತೋರಿಸಿದರು. ತೋರಿಸುತ್ತೇನೆ ಎಂದದ್ದು ಸುಳ್ಳಲ್ಲ. ಯಾರಿಗೆ ಎನ್ನುವುದು ಮಾತ್ರ ಸುಳ್ಳು. ಮಧ್ಯಾಹ್ನದೊಳಗೆ ಸುದ್ದಿ ಎಲ್ಲ ಜಗಲಿಗಳಿಗೂ ತಲಪಿತು. ಸಂಜೆಯೊಳಗೆ ನಾಲ್ಕು ಜನ ಹೆದರಿ ಬೀಡಿ ಕೊಟ್ಟು ಬಂದರು.

ಆರನೆಯ ದಿನ ಅಂಗನವಾಡಿಯಲ್ಲಿ ಸಭೆ. ಮಕ್ಕಳು ಹೋದ ಮೇಲೆ ಅವರ ಪುಟ್ಟ ಪುಟ್ಟ ಕೆಂಪು ಕುರ್ಚಿಗಳಲ್ಲಿ ನಾವು ಮೂವತ್ತು ನಲವತ್ತು ಹೆಂಗಸರು ಹೇಗೋ ತುಂಬಿಕೊಂಡು ಕೂತೆವು. ಗೋಡೆಯಲ್ಲಿ ಆನೆ, ಒಂಟೆಯ ಚಿತ್ರ. ಕೊಟ್ಟವರು ಯಾರು ಎಂಬ ಪ್ರಶ್ನೆ ಬಂದ ಕೂಡಲೇ ಹಿಂದಿನಿಂದ ಒಬ್ಬಳು ಮಾಮಿಯ ಹೆಸರು ಹೇಳಿದಳು. ನಾಲ್ಕನೆಯ ದಿನ ಮಾಮಿ ದೊಡ್ಡ ಚೀಲ ಹಿಡಿದುಕೊಂಡು ಕುಂಬ್ರದಲ್ಲಿ ಇಳಿದದ್ದನ್ನು ಅವಳು ನೋಡಿದ್ದಳಂತೆ.

ಮಾಮಿ ಎದ್ದರು. “ಹಪ್ಪಳ! ನನ್ನ ಮಗನಿಗೆ ಹಲಸಿನ ಹಪ್ಪಳ! ದುಬೈಗೆ ಹೋಗುವವರ ಕೈಯಲ್ಲಿ ಕೊಡ್ಲಿಕ್ಕೆ ಹೋದದ್ದು. ಎಂತ, ವಿಮಾನದಿಂದ ಇಳಿಸಿ ವಾಪಸು ತರಿಸಿ ತೋರಿಸ್ಬೇಕಾ ನಿನಗೆ? ಎಣ್ಣೆ ನೀನು ತರ್ತಿಯಾ?”

ಎಲ್ಲರೂ ನಕ್ಕರು. ಮಾಮಿ ನಗಲಿಲ್ಲ. ಸೊಂಟದ ಚೀಲದಿಂದ ಒಂದು ಕಟ್ಟು ಬೀಡಿ ತೆಗೆದು ಅಕ್ಕನ ಕೈಯಲ್ಲಿಟ್ಟರು. “ಇವತ್ತು ಬ್ರಾಂಚಿಗೆ ಹೋಗಿ ಅವರಿಗೆ ಬೈದು ಬಂದಿದ್ದೇನೆ. ಬರಿಗೈಯಲ್ಲಿ ಬರುದಾ? ಆ ತಟ್ಟೆಯದ್ದೇ ಇದು. ನೋಡು.”

ಅಕ್ಕ ನೂಲು ಸಡಿಲಿಸಿ ಒಂದು ಬೀಡಿ ತೆಗೆದಳು. ಬೆಳಕಿಗೆ ಹಿಡಿದಳು. ಎಡಕ್ಕೆ ಸುತ್ತಿದ ಅಂಚನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ ಎಂದು ನಾನು ಅಂದುಕೊಳ್ಳುವುದುಂಟು. ಅದು ಸತ್ಯವೋ ಅಲ್ಲವೋ ಗೊತ್ತಿಲ್ಲ. ಅವಳು ಕಟ್ಟನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇದು ನಮ್ಮ ಮನೆಯ ಬೀಡಿ” ಎಂದಳು. “ಮಾಮಿಯ ಹೆಸರು ಇನ್ನು ಯಾರೂ ಹೇಳ್ಬೇಡಿ. ನಾನು ಮೊದಲೇ ಹೇಳಿದ್ದೆ, ನಮ್ಮ ಮನೆಯಿಂದ ಹೋದರೆ ನಾನು ಇರುದಿಲ್ಲ ಅಂತ. ಇವತ್ತಿಗೆ ಬಿಟ್ಟೆ. ನೀವು ಸ್ಟ್ರೈಕು ಬಿಡ್ಬೇಡಿ.”

ಆಗ ನಾನು ಏಳಲು ಹೊರಟದ್ದು ನಿಜ. ಕುರ್ಚಿಯೂ ಸೊಂಟಕ್ಕೆ ಸಿಕ್ಕಿಕೊಂಡು ನನ್ನ ಜತೆಗೇ ಎದ್ದಿತು. ಬದಿಯಲ್ಲಿದ್ದವಳು ಕಿಸಕ್ಕೆಂದಳು. ನಾನು ಕೂತುಬಿಟ್ಟೆ. ಬಹಳ ದಿನ ಆ ಕುರ್ಚಿಯ ಮೇಲೆ ತಪ್ಪು ಹಾಕಿ ಸಮಾಧಾನ ಮಾಡಿಕೊಂಡೆ. ಆದರೆ ಕೂತುಕೊಂಡೇ ಮಾತಾಡಲಿಕ್ಕೆ ಕುರ್ಚಿಯ ಅಡ್ಡಿ ಏನೂ ಇರಲಿಲ್ಲ.

ಸ್ಟ್ರೈಕು ಮುಂದೆ ಮೂರು ವಾರ ನಡೆಯಿತು. ಅಕ್ಕನ ಮಾತು ಕೇಳಿ ನಾಚಿಕೆಯಿಂದ ಆ ನಾಲ್ವರೂ ಪುನಃ ನಿಲ್ಲಿಸಿದರು. ಕೊನೆಗೆ ಒಳ್ಳೆಯ ಎಲೆಯೂ ಬಂತು. ಹೊಸ ಎಲೆಯ ಮೊದಲ ಬೀಡಿ ಕಟ್ಟುವಾಗ ಅಕ್ಕ ಎಂದಿನ ಹಾಗೆ ನನ್ನ ಎದುರಿಗೇ ಕೂತಿದ್ದಳು. ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಮುಂದಿನ ಎರಡು ವರ್ಷ ನಾನು ಮಾಡಿದ್ದು ಕ್ಷಮೆ ಕೇಳುವ ತಯಾರಿ. ಮೊದಲು ಊರಿನ ಕೋಳಿ ಕೊಯಿಸಿ ರೊಟ್ಟಿ, ಸಾರು ಮಾಡಿ ಕರೆದೆ. ಉಂಡ ಮೇಲೆ ಹೇಳಬೇಕು ಎಂದು. ಅವಳು ಉಂಡು, “ಉಪ್ಪು ಸ್ವಲ್ಪ ಕಮ್ಮಿ” ಎಂದಳು. ನಾನು ಉಪ್ಪಿನ ಬಗ್ಗೆ ಕ್ಷಮೆ ಕೇಳಿದೆ. ಇನ್ನೊಂದು ಸಲ ಪುತ್ತೂರಿನ ಆಸ್ಪತ್ರೆಗೆ ಅವಳ ಗ್ಯಾಸ್ಟ್ರಿಕ್ ತೋರಿಸಲು ಜತೆಗೆ ಹೋದಾಗ, ಬಸ್ಸಿನಲ್ಲಿ, “ಅಕ್ಕ, ನನ್ನಿಂದ ಒಂದು ದೊಡ್ಡ...” ಎನ್ನುವಷ್ಟರಲ್ಲಿ ಕಂಡಕ್ಟರ್ ಬಂದು ದೊಡ್ಡ ನೋಟು ಬೇಡ, ಚಿಲ್ಲರೆ ಕೊಡಿ ಎಂದ. ಎದುರಿಗೆ ಹೇಳಲಿಕ್ಕೆ ಆಗುವುದಿಲ್ಲ ಎಂದು ಮೊಬೈಲಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸಿದೆ. ಅಡುಗೆಮನೆಯಲ್ಲಿ ನಿಂತು, ಯಾರಿಗೂ ಕೇಳಬಾರದು ಎಂದು ಮಿಕ್ಸಿ ಹಾಕಿಕೊಂಡು, ನಾಲ್ಕು ನಿಮಿಷ. ಅರ್ಧ ಗಂಟೆ ಕಳೆದು ಅವಳು ಕಾಲುಸಂಕ ದಾಟಿ ಬಂದು, “ಮಿಕ್ಸಿಯ ಶಬ್ದ ಬಿಟ್ಟು ಎಂತದೂ ಕೇಳ್ಲಿಲ್ಲ. ಚಟ್ನಿ ಚೆನ್ನಾಗಿ ಆಯ್ತಾ?” ಎಂದಳು. ನಿಜವಾಗಿ ಕೇಳಿರಲಿಲ್ಲವೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮನೆಯಲ್ಲಿ ಚಟ್ನಿಯಂತೂ ಇರಲಿಲ್ಲ, ಖಾಲಿ ಮಿಕ್ಸಿ.

ಈ ವರ್ಷ ಪುತ್ತೂರಿನಲ್ಲಿ ಪುತ್ತೂರು, ಕಡಬ, ಸುಳ್ಯ ಈ ಮೂರು ತಾಲೂಕಿನ ಬೀಡಿ ಹೆಂಗಸರ ಸಮ್ಮೇಳನ ಇತ್ತು. ಬೆಳಿಗ್ಗೆ ಭಾಷಣ, ಅದರ ಕೊನೆಗೆ ವಂದನಾರ್ಪಣೆ, ಮಧ್ಯಾಹ್ನ ಊಟ, ಊಟದ ನಂತರ ಮೂರೂ ತಾಲೂಕಿಗೆ ಸೇರಿ ಒಬ್ಬಳು ಕಾರ್ಯದರ್ಶಿಯ ಆಯ್ಕೆ. ನಮ್ಮ ಬ್ರಾಂಚಿನವರು ಅಕ್ಕನ ಹೆಸರು ಕೊಟ್ಟಿದ್ದರು. ಹುದ್ದೆ ಇಲ್ಲದಿದ್ದರೂ ಅವಳು ಜಗಲಿ ಹತ್ತುವುದನ್ನೂ ಚಾ ಕುಡಿಯುವುದನ್ನೂ ಬಿಟ್ಟಿರಲಿಲ್ಲ. ಸಮ್ಮೇಳನದ ಕೆಲಸ ಹಂಚುವಾಗ ನಾನು ಕೈ ಎತ್ತಿ, “ವಂದನಾರ್ಪಣೆ ನನಗೆ ಕೊಡಿ” ಎಂದೆ. ಎಲ್ಲರಿಗೂ ಆಶ್ಚರ್ಯ. ನನ್ನ ಲೆಕ್ಕಾಚಾರ ಬೇರೆ ಇತ್ತು. ವಂದನಾರ್ಪಣೆಯನ್ನು ಈ ಭೂಮಿಯಲ್ಲಿ ಯಾರೂ ಕೇಳುವುದಿಲ್ಲ. ಅದು ಶುರುವಾದ ಕೂಡಲೇ ಜನ ಚಪ್ಪಲಿ ಹುಡುಕುತ್ತಾರೆ, ಊಟದ ಸಾಲಿಗೆ ಓಡುತ್ತಾರೆ. ಆಯ್ಕೆಗೆ ಹೆಸರು ಕೊಟ್ಟದ್ದರಿಂದ ವೇದಿಕೆಯಲ್ಲಿ ಅಕ್ಕ ಇರುತ್ತಾಳೆ, ಎದುರಿಗೆ ಯಾರೂ ಇರುವುದಿಲ್ಲ, ಮೈಕಿನಲ್ಲಿ ಹೇಳಿದ್ದರಿಂದ ಕೇಳಲಿಲ್ಲ ಎಂದು ಅವಳು ಹೇಳುವ ಹಾಗೂ ಇಲ್ಲ.

ಬೆಳಿಗ್ಗೆ ಚಾ ಕುಡಿಯುವಾಗ ಕಡಬದ ಕಡೆಯಿಂದ ಬಂದ ಇಬ್ಬರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು.

“ಅವಳೇ ಅಲ್ವಾ, ಸ್ಟ್ರೈಕು ಮಾಡಿಸಿ ತಾನೇ ಬೀಡಿ ಕೊಟ್ಟವಳು?”

“ಹೌದಂತೆ ಮಾರಾಯ್ತಿ. ಅಂಥವಳನ್ನು ಹೇಗೆ ನಂಬುದು?”

ನನ್ನ ಕೈಯ ಚಾ ಅಲ್ಲೇ ತಣಿಯಿತು. ಅಷ್ಟರವರೆಗೆ ಅದು ನನಗೂ ಅಕ್ಕನಿಗೂ ನಡುವಿನ ವಿಷಯ ಎಂದುಕೊಂಡಿದ್ದೆ. ನನ್ನ ಎಂಟು ಕಟ್ಟು ಕಡಬದವರೆಗೆ ನಡೆದುಕೊಂಡು ಹೋಗಿತ್ತು, ಅಕ್ಕನ ಹೆಸರಿನಲ್ಲಿ.

ಒಂದು ಗಂಟೆಗೆ ವಂದನಾರ್ಪಣೆಗೆ ನನ್ನನ್ನು ಕರೆದರು. ನಾನು ಮೈಕಿನ ಹತ್ತಿರ ಹೋಗುವಾಗಲೇ ಒಬ್ಬರು ಅಡ್ಡ ಬಂದು, “ಊಟದ ಪಿಕಪ್ಪು ದಾರಿಯಲ್ಲಿ ಪಂಚರಾಗಿದೆ. ಎಲ್ಲರೂ ಕೂತಿರಿ, ಇನ್ನೂ ಅರ್ಧ ಗಂಟೆ ಉಂಟು” ಎಂದು ಮೈಕಿನಲ್ಲೇ ಹೇಳಿದರು. ಎದ್ದವರೆಲ್ಲ ಪುನಃ ಕೂತರು. ದೂರದ ಕೊಲ್ಲಮೊಗ್ರಿನಿಂದ ಬೆಳಕು ಹರಿಯುವ ಮೊದಲೇ ಹೊರಟು ಬಂದವರು, ಬೇರೆ ಕೆಲಸ ಇಲ್ಲದ್ದರಿಂದ ಕೆನ್ನೆಗೆ ಕೈ ಕೊಟ್ಟು ನನ್ನನ್ನೇ ನೋಡಿದರು. ಲೋಕದ ಇತಿಹಾಸದಲ್ಲಿ ಮೊದಲ ಬಾರಿ ಒಂದು ಸಭೆ ವಂದನಾರ್ಪಣೆಗೆ ಕಿವಿ ಕೊಟ್ಟು ಕೂತಿತು.

ಚೀಟಿ ನೋಡಿ ಓದಿದೆ. ಅತಿಥಿಗಳಿಗೆ ವಂದನೆ. ಮೈಕಿನವರಿಗೆ ವಂದನೆ. ಊಟದವರಿಗೆ ವಂದನೆ ಎಂದಾಗ ಹಿಂದಿನಿಂದ, “ಮೊದಲು ಬರ್ಲಿ!” ಎಂದು ಯಾರೋ ಕೂಗಿದರು. ಚೀಟಿ ಮುಗಿಯಿತು. ನನ್ನ ಕಾಲು ಕೆಳಗೆ ಇಳಿಯಲು ತಯಾರಿತ್ತು. ವೇದಿಕೆಯಲ್ಲಿ ಅಂಗನವಾಡಿಯ ಕುರ್ಚಿ ಇರಲಿಲ್ಲ.

“ಇನ್ನೊಂದು ಉಂಟು” ಎಂದೆ. “ಎರಡು ವರ್ಷದ ಹಿಂದೆ ನಮ್ಮ ಬ್ರಾಂಚಿಗೆ ಸ್ಟ್ರೈಕಿನಲ್ಲಿ ಎಂಟು ಕಟ್ಟು ಬೀಡಿ ಹೋಯ್ತಲ್ಲ, ಅದು ಅಕ್ಕ ಕೊಟ್ಟದ್ದಲ್ಲ.”

ನಡುವಿನ ಸಾಲಿನಿಂದ ಮಾಮಿಯ ಗಂಟಲು ಮೈಕಿಲ್ಲದೆಯೇ ಎದ್ದಿತು. “ಗೊತ್ತುಂಟು ಮಾರಾಯ್ತಿ! ಸುತ್ತು ಎಡಕ್ಕೆ ಇತ್ತಲ್ಲಾ! ನಾನು ಕಣ್ಣು ಕಾಣದವಳಾ? ನೀನು ಇವತ್ತು ಹೇಳ್ತಿ, ನಾಳೆ ಹೇಳ್ತಿ ಅಂತ ಎರಡು ವರ್ಷ ಕಾದದ್ದು. ಮುಂದೆ ಹೇಳು!”

ನಮ್ಮ ಬ್ರಾಂಚಿನವರು ಇಡೀ ಸಾಲು ನಕ್ಕರು. ನಾನು ಎರಡು ವರ್ಷ ಮುಚ್ಚಿಟ್ಟದ್ದನ್ನು ಅವರು ಎರಡು ವರ್ಷದಿಂದ ನೋಡುತ್ತಾ ಇದ್ದರು. ಕಡಬದವರು, ಸುಳ್ಯದವರು ಮಾತ್ರ ನಗದೆ, ನನ್ನನ್ನೂ ಅಕ್ಕನನ್ನೂ ತಿರುಗಿ ತಿರುಗಿ ನೋಡಿದರು. ಅವರಿಗೆ ಗೊತ್ತಿರಲಿಲ್ಲ. ಹೇಳಬೇಕಾದದ್ದು ಅವರಿಗೇ.

ಅಕ್ಕ ಎದುರಿನ ಮೇಜಿನ ಬಟ್ಟೆಯ ಅಂಚನ್ನು ಬೆರಳಿನಲ್ಲಿ ಸುತ್ತುತ್ತಿದ್ದಳು, ಬಲಕ್ಕೆ. ನಾನು ಮೈಕನ್ನು ಬಲಗೈಯಿಂದ ಎಡಗೈಗೆ ದಾಟಿಸಿ ಅವಳ ಕಡೆ ತಿರುಗಿದೆ.

“ಬೀಡಿ ಕೊಟ್ಟದ್ದು ನಾನು. ಯಾರೂ ಹೆದರಿಸ್ಲಿಲ್ಲ, ನನ್ನ ಬೀಡಿ ಚಂದ ಉಂಟು ಅಂದ್ರು, ಅಷ್ಟಕ್ಕೇ ಕೊಟ್ಟೆ. ನೀನು ನನಗೋಸ್ಕರ ಎದ್ದು ನಿಂತಾಗ ನಾನು ಕೂತೇ ಇದ್ದೆ. ನಿನ್ನ ಹೆಸರು ಹಾಳಾಗುದನ್ನು ಎರಡು ವರ್ಷ ನೋಡಿದೆ. ತಪ್ಪಾಯ್ತು ಅಕ್ಕ. ನನ್ನನ್ನು ಕ್ಷಮಿಸು.”